ಪ್ಯೂರ್ ಮ್ಯಾಥ್ಸ್‌ ಪಿಎಚ್‌ಡಿ: ಗೈಡ್ ಇದ್ದಾರೆ, ಫೆಲೋಶಿಪ್ ಇಲ್ಲ. ಸೇರಲಾ, ಒಂದು ವರ್ಷ ಕಾಯಲಾ?

ನೇರಳೆಮರ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಹೋದ ವರ್ಷ ಎಂಎಸ್ಸಿ ಗಣಿತ ಮುಗಿಸಿದೆ. 81 ಪರ್ಸೆಂಟ್ ಬಂತು. ಅದರಲ್ಲಿ ಅರ್ಧ ಬಾಯಿಪಾಠದ ಪುಣ್ಯ ಅಂತ ನನಗೇ ಗೊತ್ತು. ಹಳೇ ಪ್ರಶ್ನೆಪತ್ರಿಕೆಯ ಥಿಯರಮ್‌ಗಳೇ ತಿರುಗಿ ತಿರುಗಿ ಬರುತ್ತಿದ್ದವು. ಆಮೇಲೆ ಸಿಎಸ್‌ಐಆರ್ ನೆಟ್ (ಸಂಶೋಧನೆ, ಅಧ್ಯಾಪನಕ್ಕೆ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಬರೆದಾಗ ಬಣ್ಣ ಬಯಲಾಯ್ತು. ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಇಲ್ಲ, ಅಸಿಸ್ಟೆಂಟ್ ಪ್ರೊಫೆಸರ್ ಅರ್ಹತೆಯೂ ಇಲ್ಲ. ಮೂರನೇ ಪಟ್ಟಿಯಲ್ಲಿ ಹೆಸರಿದೆ, ಅಂದರೆ ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ. ಆ ಅಂಕ ಒಂದು ವರ್ಷ ನಡೆಯುತ್ತದೆ.

ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಇಬ್ಬರು ಗೈಡ್‌ಗಳ ಹತ್ತಿರ ಸೀಟು ಖಾಲಿ ಇದೆ. ಇಬ್ಬರನ್ನೂ ಕಂಡು ಬಂದೆ. ಒಬ್ಬರದು ಗ್ರಾಫ್ ಥಿಯರಿ, ಅಂದರೆ ಚುಕ್ಕಿಗಳನ್ನು ಗೆರೆಗಳಿಂದ ಕೂಡಿಸಿದ ಜಾಲಗಳ ಗಣಿತ. 'ಬಾಮ್ಮ, ಮೂರು ವರ್ಷಕ್ಕೆ ಮುಗಿಸಿ ಕಳಿಸ್ತೀನಿ, ಆರು ಪೇಪರ್ ಗ್ಯಾರಂಟಿ' ಅಂದರು. ಇನ್ನೊಬ್ಬರದು ನಂಬರ್ ಥಿಯರಿ, ರಾಮಾನುಜನ್ ಕಡೆಯ ಕೆಲಸ. ಅವರು ಏನೂ ಮಾತು ಕೊಡಲಿಲ್ಲ. ಟೀ ತರಿಸಿದರು. 'ಪಾರ್ಟಿಷನ್ ಅಂದ್ರೆ ಗೊತ್ತಾ?' ಅಂತ ಕೇಳಿದರು. ಗೊತ್ತಿಲ್ಲ ಅಂದೆ. '9ರ ಪಾರ್ಟಿಷನ್‌ಗಳನ್ನೆಲ್ಲ ಬರ್ಕೊಂಡು ಹದಿನೈದು ದಿನ ಬಿಟ್ಟು ಬಾ' ಅಂದರು. ಅಷ್ಟೇ.

ಯಾರ ಹತ್ತಿರ ಸೇರಿದರೂ ಸದ್ಯಕ್ಕೆ ಕೈಗೆ ದುಡ್ಡು ಬರುವುದಿಲ್ಲ. ಅಪ್ಪ ಬೇಡ ಅನ್ನಲಿಲ್ಲ. ಆದರೆ 'ಗಣಿತದಲ್ಲಿ ಇನ್ನೂ ಕಂಡುಹಿಡಿಯೋಕೆ ಏನು ಬಾಕಿ ಇದೆ?' ಅಂತ ಕೇಳಿದರು. ನನಗೆ ಉತ್ತರ ಹೇಳಲಾಗಲಿಲ್ಲ, ನಾಚಿಕೆಯಾಯ್ತು. ಅಮ್ಮನ ಲೆಕ್ಕ ಬೇರೆ. ಈಗ 23, ಐದು ಸೇರಿಸಿದರೆ 28. ಅಮ್ಮನಿಗೆ ಗಣಿತ ಬರಲ್ಲ ಅಂತ ಯಾರು ಹೇಳಿದ್ದು!

ಸೇರಲಾ? ಇಲ್ಲ, ಪಿಯು ಕಾಲೇಜಿನಲ್ಲಿ ಪಾಠ ಮಾಡಿಕೊಂಡು ಜೆಆರ್‌ಎಫ್‌ಗೆ ಮತ್ತೆ ಕೂರಲಾ?

ಕುಕ್ಕರಹಳ್ಳಿ ದಂಡೆ:

ತಂಗಿ, ನಾನು ನಾಲ್ಕನೇ ವರ್ಷದ ಸ್ಕಾಲರ್. ಮೊದಲು ದುಡ್ಡಿನ ಮಾತು ಮುಗಿಸೋಣ.

ಜೆಆರ್‌ಎಫ್ ಇದ್ದರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000. ಮನೆ ಬಾಡಿಗೆ ಭತ್ಯೆ ಬೇರೆ. 2023ರ ಜನವರಿಯಿಂದ ಈ ದರ. ಇಲ್ಲದಿದ್ದರೆ ಸೊನ್ನೆ, ಅಥವಾ ವಿಶ್ವವಿದ್ಯಾಲಯ ಕೊಡುವ ಅಷ್ಟೋ ಇಷ್ಟೋ. ಈ ವ್ಯತ್ಯಾಸ ಬಸ್ ಪಾಸಿನಲ್ಲಿ, ಮೆಸ್ ಬಿಲ್ಲಿನಲ್ಲಿ, ಅಪ್ಪನ ಮುಖದಲ್ಲಿ ದಿನಾ ಕಾಣುತ್ತದೆ. ರಾಜ್ಯದ ಹಿಂದುಳಿದ ವರ್ಗ, ಸಮಾಜ ಕಲ್ಯಾಣ ಇಲಾಖೆಗಳ ಕಡೆಯಿಂದಲೂ ಸಂಶೋಧನಾ ವಿದ್ಯಾರ್ಥಿಗಳಿಗೆ ನೆರವು ಇದೆ, ನಿಮಗೆ ಅನ್ವಯಿಸುತ್ತಾ ವಿಚಾರಿಸಿ. ಎನ್‌ಬಿಎಚ್‌ಎಂ ಪಿಎಚ್‌ಡಿ ಸ್ಕಾಲರ್‌ಶಿಪ್‌ಗೂ ಬರೆಯಿರಿ. ಅದು ಅಣುಶಕ್ತಿ ಇಲಾಖೆಯ ಅಡಿ 1983ರಲ್ಲಿ ಶುರುವಾದ ಗಣಿತ ಮಂಡಳಿ, ಗಣಿತಕ್ಕೆ ಮಾತ್ರ. ನಮ್ಮ ಕಡೆ ಎಷ್ಟೋ ಜನಕ್ಕೆ ಹೆಸರೇ ಗೊತ್ತಿಲ್ಲ.

ನೆಟ್ ಪತ್ರಿಕೆ ಬಗ್ಗೆ ಒಂದು ಮಾತು. ಒಟ್ಟು 200 ಅಂಕ, ಮೂರು ಗಂಟೆ. ಆಟ ಇರುವುದು ಪಾರ್ಟ್ ಸಿಯಲ್ಲಿ. 60 ಪ್ರಶ್ನೆಯಲ್ಲಿ 20 ಮಾಡಬೇಕು, ಒಂದೊಂದಕ್ಕೆ 4.75. ಒಂದಕ್ಕಿಂತ ಜಾಸ್ತಿ ಉತ್ತರ ಸರಿ ಇರಬಹುದು, ಎಲ್ಲವನ್ನೂ ಗುರುತಿಸಿದರೆ ಮಾತ್ರ ಅಂಕ. ತಪ್ಪಾದರೆ ಕಳೆಯುವುದಿಲ್ಲ, ಆದರೆ ಮೂರು ಸರಿ ಇದ್ದು ಎರಡು ಹಾಕಿದರೆ ಸೊನ್ನೆ. ಇಲ್ಲಿ ಬಾಯಿಪಾಠ ಕೈಕೊಡುತ್ತದೆ. ಥಿಯರಮ್ ಹೇಳಲು ಬಂದರೆ ಸಾಲದು, ಒಂದು ಷರತ್ತು ತೆಗೆದರೆ ಅದು ಎಲ್ಲಿ ಮುರಿಯುತ್ತದೆ ಅಂತ ಗೊತ್ತಿರಬೇಕು.

ಅಂದ ಹಾಗೆ, ಸೇರಿದ ಮೇಲೂ ಜೆಆರ್‌ಎಫ್ ಬರೆಯಬಹುದು. ನಾನು ಎರಡನೇ ವರ್ಷದಲ್ಲಿ ತೆಗೆದಿದ್ದು. ಅಲ್ಲಿಯವರೆಗೆ ಸಂಜೆ ಟ್ಯೂಷನ್. ಜೆಆರ್‌ಎಫ್ ಆದ ಮೇಲೂ ನನ್ನ ಕಾಗದ ನಮ್ಮ ಕಚೇರಿಯ ಒಂದು ಮೇಜಿನ ಮೇಲೆ ಎರಡೂವರೆ ತಿಂಗಳು ಕೂತಿತ್ತು. ಕೇಳಿದಾಗೆಲ್ಲ 'ಮೇಲೆ ಹೋಗಿದೆ' ಅನ್ನುತ್ತಿದ್ದರು. ಮೇಲೆ ಇದ್ದದ್ದು ಫ್ಯಾನ್ ಮಾತ್ರ.

ಡಿಗ್ರಿ ಮೇಷ್ಟ್ರು:

ಕೆಸೆಟ್ (ರಾಜ್ಯದ ಅಧ್ಯಾಪಕ ಅರ್ಹತಾ ಪರೀಕ್ಷೆ) ಮಾಡಿಕೊಂಡು ಅತಿಥಿ ಉಪನ್ಯಾಸಕಿಯಾಗಿ, ಪಾರ್ಟ್ ಟೈಮ್ ಪಿಎಚ್‌ಡಿ ಮಾಡಿ. ನಾನು ಹಾಗೇ ಮಾಡುತ್ತಿದ್ದೇನೆ. ಏಳನೇ ವರ್ಷ. ಇನ್ನು ಸಲಹೆ ಕೇಳಬೇಡಿ.

ಅರ್ಧಕ್ಕೆ ಬಿಟ್ಟವನು:

ನನ್ನ ಹೆಸರೇ ಹೇಳುತ್ತದೆ. ಮೂರು ವರ್ಷ ಎರಡು ತಿಂಗಳು ಮಾಡಿ ಬಿಟ್ಟೆ. ಈಗ ಬೆಂಗಳೂರಲ್ಲಿ ಒಂದು ಕಂಪನಿಯಲ್ಲಿ ಡೇಟಾ ಕೆಲಸ.

ನಿಮ್ಮನ್ನು ಹೆದರಿಸಲು ಬರೆಯುತ್ತಿಲ್ಲ. ಯಾರೂ ಮೊದಲೇ ಹೇಳದ ಒಂದು ವಿಷಯ ಹೇಳಬೇಕು. ಎಂಎಸ್ಸಿವರೆಗೆ ಎಲ್ಲ ಲೆಕ್ಕಕ್ಕೂ ಉತ್ತರ ಇತ್ತು. ಹಿಂದಿನ ಪುಟದಲ್ಲಿ ಇರಲಿಲ್ಲ ಅಂದರೂ ಮೇಷ್ಟ್ರ ತಲೆಯಲ್ಲಿ ಇತ್ತು. ಪಿಎಚ್‌ಡಿಯಲ್ಲಿ ಮೇಷ್ಟ್ರಿಗೂ ಗೊತ್ತಿರುವುದಿಲ್ಲ. ನನಗೆ ಇದು ಅರ್ಥವಾಗಲು ಒಂದು ವರ್ಷ ಬೇಕಾಯ್ತು. ಗೈಡ್ ಬೇಕಂತಲೇ ಉತ್ತರ ಮುಚ್ಚಿಟ್ಟಿದ್ದಾರೆ ಅಂದುಕೊಂಡಿದ್ದೆ!

ಎರಡನೇ ವರ್ಷ ಒಂದು ಲೆಮ್ಮಾ, ಅಂದರೆ ಮುಂದಿನ ಕೆಲಸಕ್ಕೆ ಮೆಟ್ಟಿಲಾಗುವ ಸಣ್ಣ ಫಲಿತಾಂಶ, ಪ್ರೂವ್ ಮಾಡಿದೆ. ನಾಲ್ಕು ತಿಂಗಳು ಅದರ ಮೇಲೆ ಮನೆ ಕಟ್ಟಿದೆ. ಐದನೇ ತಿಂಗಳು ಸೆಮಿನಾರ್ ಕೊಡುವಾಗ ಜೂನಿಯರ್ ಹುಡುಗನೊಬ್ಬ ಕೈ ಎತ್ತಿ, 'ಸರ್, ಇಲ್ಲಿ ಲಿಮಿಟ್ ಒಳಗೆ ತಗೊಂಡ್ರಲ್ಲ, ಯೂನಿಫಾರ್ಮ್ ಕನ್ವರ್ಜೆನ್ಸ್ ಇದೆಯಾ?' ಅಂದ. ಇರಲಿಲ್ಲ. ಅದಿಲ್ಲದೆ ಆ ಹೆಜ್ಜೆಯೇ ನಿಲ್ಲುವುದಿಲ್ಲ, ಬೋರ್ಡ್ ಮುಂದೆ ನಿಂತೇ ಗೊತ್ತಾಯ್ತು. ಡಸ್ಟರ್ ಕೈಯಲ್ಲಿತ್ತು, ಒರೆಸಬೇಕೋ ಬೇಡವೋ ತಿಳಿಯಲಿಲ್ಲ.

ಬೇರೆ ದಾರಿಯಲ್ಲಿ ಸರಿಪಡಿಸಿದೆ, ಎಂಟು ತಿಂಗಳು ಹಿಡಿಯಿತು. ಬರೆದು ಮುಗಿಸುವ ವಾರ ಆರ್ಕೈವ್‌ನಲ್ಲಿ (ಜರ್ನಲ್‌ಗಿಂತ ಮೊದಲೇ ಪೇಪರ್ ಹಾಕುವ ಜಾಲತಾಣ) ಬೇರೆ ದೇಶದ ಇಬ್ಬರು ಅದನ್ನೇ, ಇನ್ನೂ ಸಾಮಾನ್ಯ ರೂಪದಲ್ಲಿ, ಹಾಕಿದ್ದರು. ನನ್ನದು ಅವರ ಮೂರನೇ ಪುಟದ ಒಂದು ರಿಮಾರ್ಕ್. ಯಾರ ತಪ್ಪೂ ಅಲ್ಲ. ಗೈಡ್ 'ಇದು ಎಲ್ಲರಿಗೂ ಆಗತ್ತೆ, ಸರಿಯಾದ ದಾರಿಯಲ್ಲೇ ಇದ್ದೆ ಅಂತ ಅರ್ಥ' ಅಂದರು. ಅದು ನಿಜ ಅಂತ ಈಗ ಗೊತ್ತು. ಆಗ ಅದನ್ನು ಕೇಳುವ ಶಕ್ತಿ ಇರಲಿಲ್ಲ.

ನೇರಳೆಮರ:

ಅಣ್ಣಾ, ಬಿಟ್ಟಿದ್ದಕ್ಕೆ ಬೇಜಾರಿದೆಯಾ?

ಅರ್ಧಕ್ಕೆ ಬಿಟ್ಟವನು:

ಸಂಬಳ ಬಂದ ದಿನ ಇಲ್ಲ. ಉಳಿದ ದಿನ ಅರ್ಧರ್ಧ.

ಟೋಪಾಲಜಿ ಅಕ್ಕ:

ನಾನು ಪ್ರವೇಶ ಸಂದರ್ಶನದ ಕಡೆಯಿಂದ ಹೇಳುತ್ತೇನೆ. ಎರಡು ಮೂರು ವರ್ಷ ಆ ಮೇಜಿನ ಈಚೆ ಕೂತಿದ್ದೇನೆ.

ನಿಮ್ಮ ಪಟ್ಟಿಗೆ ನೆಟ್ ಅಂಕಕ್ಕೆ 70, ಸಂದರ್ಶನಕ್ಕೆ 30. ಆ 30ರಲ್ಲಿ ನಾವು ದೊಡ್ಡದೇನೂ ಕೇಳುವುದಿಲ್ಲ. 'ಇಷ್ಟದ ವಿಷಯ ಯಾವುದು?' ಅಂತೀವಿ. 'ರಿಯಲ್ ಅನಾಲಿಸಿಸ್' ಅಂತಾರೆ. 'ಸರಿ, ಎಕ್ಸ್ ಸ್ಕ್ವೇರ್ ಕಂಟಿನ್ಯೂಯಸ್, ಆದರೆ ಇಡೀ ರಿಯಲ್ ಲೈನ್ ಮೇಲೆ ಯೂನಿಫಾರ್ಮ್ಲಿ ಕಂಟಿನ್ಯೂಯಸ್ ಅಲ್ಲ. ಯಾಕೆ?' ಹತ್ತರಲ್ಲಿ ಏಳು ಜನ ಎಪ್ಸಿಲಾನ್ ಡೆಲ್ಟಾ ವ್ಯಾಖ್ಯೆಯನ್ನು ಗಡಗಡ (ಸರಳವಾಗಿ, ಹತ್ತಿರದ ಎರಡು ಸಂಖ್ಯೆ ಎಲ್ಲೇ ತಗೊಂಡರೂ ಉತ್ತರಗಳೂ ಒಂದೇ ಅಳತೆಯಲ್ಲಿ ಹತ್ತಿರ ಬರಬೇಕು) ಒಪ್ಪಿಸಿ ನಿಲ್ಲುತ್ತಾರೆ. ಮುಂದೆ ಹೋಗುವುದಿಲ್ಲ.

ಹೋದ ಸಲ ಒಬ್ಬಳು ಬಂದಳು. ವ್ಯಾಖ್ಯೆ ತಡವರಿಸಿದಳು. ಆದರೆ ಚಾಕ್ ತೆಗೆದುಕೊಂಡು '100 ಮತ್ತು 100.01 ತಗೋತೀನಿ' ಅಂದಳು. ಅಂತರ ನೂರರಲ್ಲಿ ಒಂದು. ವರ್ಗಗಳು 10000 ಮತ್ತು 10002 ಚಿಲ್ಲರೆ. ಅಂತರ ಎರಡಕ್ಕಿಂತ ಜಾಸ್ತಿ. 'ಸಾವಿರ ತಗೊಂಡ್ರೆ ಸಾವಿರದಲ್ಲೊಂದು ಭಾಗ ಸೇರಿಸಿದ್ರೂ ಇದೇ ಆಗತ್ತೆ. ಎಷ್ಟು ಹತ್ತಿರ ತಂದ್ರೂ ಎರಡಕ್ಕಿಂತ ಕೆಳಗೆ ಬರಲ್ಲ' ಅಂದಳು. ನಾವು ಮೂವರೂ ಅಲ್ಲೇ ಪೂರ್ತಿ ಅಂಕ ಬರೆದುಬಿಟ್ಟೆವು. ಅವಳ ಎಂಎಸ್ಸಿ ಅಂಕ 62.

ಅದಕ್ಕೇ ಹೇಳುವುದು, 81 ಅಂತ ಹಿಗ್ಗಬೇಡಿ, ಬಾಯಿಪಾಠ ಅಂತ ಕುಗ್ಗಲೂ ಬೇಡಿ. ಉದಾಹರಣೆ ಹಿಡಿದು ಯೋಚನೆ ಮಾಡುವ ಅಭ್ಯಾಸ ಆರು ತಿಂಗಳಲ್ಲಿ ಬರುತ್ತದೆ. ಎಂಟಿಟಿಎಸ್ ಅನ್ನುವ ಬೇಸಿಗೆ ಶಿಬಿರ ಕೇಳಿದ್ದೀರಾ? 1993ರಲ್ಲಿ ಪ್ರೊ. ಎಸ್. ಕುಮರೇಸನ್ ಶುರು ಮಾಡಿದ್ದು. ಬಿಎಸ್ಸಿ, ಎಂಎಸ್ಸಿ ಮಕ್ಕಳಿಗೆ ಇದನ್ನೇ ಕಲಿಸುತ್ತಾರೆ: ಬರೆದುಕೊಳ್ಳುವುದು ಬಿಡು, ಬಾಯಿ ಬಿಟ್ಟು ಕೇಳು. ನಮ್ಮ ಕಾಲೇಜುಗಳಿಂದ ಹೋದ ಎಷ್ಟೋ ಹುಡುಗರು ವಾಪಸ್ ಬರುವಾಗ ಬೇರೆಯವರೇ ಆಗಿ ಬಂದಿದ್ದಾರೆ. ನಿಮಗೆ ಈಗ ವಯಸ್ಸು ಮೀರಿತು, ತಮ್ಮ ತಂಗಿಯರಿಗೆ ಹೇಳಿ.

ಕುಕ್ಕರಹಳ್ಳಿ ದಂಡೆ:

ಈಗ ಅಸಲಿ ವಿಷಯಕ್ಕೆ ಬರೋಣ. ಆ 'ಆರು ಪೇಪರ್ ಗ್ಯಾರಂಟಿ' ಮಾತು ಕೇಳಿ ನನಗೆ ಗಾಬರಿಯಾಯ್ತು. ಪ್ಯೂರ್ ಮ್ಯಾಥ್ಸ್‌ನಲ್ಲಿ ಗ್ಯಾರಂಟಿ ಕೊಡುವವರು ಏನು ಮಾಡುತ್ತಾರೆ ಗೊತ್ತಾ? ಒಂದು ಗ್ರಾಫ್ ತಗೋ, ಒಂದು ಇಂಡೆಕ್ಸ್ (ಗ್ರಾಫ್ ನೋಡಿ ಲೆಕ್ಕ ಹಾಕುವ ಒಂದು ಸಂಖ್ಯೆ) ತಗೋ, ಲೆಕ್ಕ ಹಾಕು, ಪೇಪರ್. ಇಂಡೆಕ್ಸ್‌ನ ಹೆಸರು ಸ್ವಲ್ಪ ಬದಲಾಯಿಸು, ಮತ್ತೊಂದು ಪೇಪರ್. ದುಡ್ಡು ಕಟ್ಟಿದರೆ ವಾರದಲ್ಲಿ ಛಾಪಿಸುವ ಜರ್ನಲ್‌ಗಳಿಗೆ ಬರವಿಲ್ಲ. 2022ರ ಯುಜಿಸಿ ನಿಯಮದಲ್ಲಿ ಥೀಸಿಸ್ ಕೊಡುವ ಮೊದಲು ಪೇಪರ್ ಕಡ್ಡಾಯ ಅನ್ನುವುದನ್ನು ತೆಗೆದರು. ಆದರೂ ಚಾಳಿ ಹೋಗಿಲ್ಲ.

ಗ್ರಾಫುಗೌಡ, ಧಾರವಾಡ:

ನಮಸ್ಕಾರ. ಈ ಮಾತು ಯಾವಾಗ ಬರುತ್ತೆ ಅಂತ ಕಾಯುತ್ತಿದ್ದೆ ನೋಡ್ರಿ.

ಕೆಟ್ಟ ಪೇಪರ್ ಎಲ್ಲ ವಿಷಯದಲ್ಲೂ ಇದೆ. ಗ್ರಾಫ್ ಥಿಯರಿಯಲ್ಲಿ ಜಾಸ್ತಿ ಇದೆ, ಒಪ್ಪುತ್ತೇನೆ. ಬಾಗಿಲು ದೊಡ್ಡದಿದ್ದರೆ ಎಲ್ಲರೂ ನುಗ್ಗುತ್ತಾರೆ. ಹಂಗಂತ ಮನೆಯೇ ಕೆಟ್ಟದ್ದು ಅನ್ನಬೇಡಿ. ಕನೆಕ್ಟೆಡ್ ಡಾಮಿನೇಶನ್ ಅನ್ನುವುದನ್ನು ಪೇಪರ್ ಮಾಡಿ ಲೋಕಕ್ಕೆ ಕೊಟ್ಟವರು ಇ. ಸಂಪತ್‌ಕುಮಾರ್ ಮತ್ತು ಎಚ್.ಬಿ. ವಾಲೀಕಾರ್. ನಮ್ಮ ಕಡೆಯವರೇ, ವರ್ಷ 1979.

ವಿಷಯ ಏನು ಅಂದರೆ, ಊರಲ್ಲಿ ಕೆಲವು ಮನೆಗೆ ಮಾತ್ರ ಮೈಕು ಕೊಡಬೇಕು. ಪ್ರತಿ ಮನೆಗೂ ಒಂದೋ ಮೈಕು ಇರಬೇಕು, ಇಲ್ಲ ಪಕ್ಕದ ಮನೆಯಲ್ಲಿ ಇರಬೇಕು. ಮೇಲೆ, ಮೈಕಿನ ಮನೆಗಳು ಒಂದಕ್ಕೊಂದು ತಾಗಿ ಸರಪಳಿಯಂತೆ ಕೂಡಿರಬೇಕು. ಕಡಿಮೆ ಅಂದರೆ ಎಷ್ಟು ಮನೆ? ಅವರು ಶುದ್ಧ ಗಣಿತ ಅಂತ ಕೇಳಿದ ಪ್ರಶ್ನೆ ಇದು. ಆಮೇಲೆ ವೈರ್‌ಲೆಸ್ ನೆಟ್‌ವರ್ಕ್‌ನವರು ಯಾವ ಯಾವ ಸಾಧನದ ಮೂಲಕ ಸಂದೇಶ ದಾಟಿಸಬೇಕು ಅಂತ ನಿರ್ಧರಿಸಲು ಇದನ್ನೇ ಹಿಡಿದುಕೊಂಡರು. ನೀವು ಹಂಗಿಸಿದ ಇಂಡೆಕ್ಸ್‌ಗಳ ಮೂಲಪುರುಷ ವೀನರ್ ಇಂಡೆಕ್ಸ್. 1947ರಲ್ಲಿ ರಸಾಯನಶಾಸ್ತ್ರದವರೊಬ್ಬರು ಕುದಿಯುವ ಬಿಂದು ಅಂದಾಜು ಮಾಡಲು ಕಂಡುಕೊಂಡದ್ದು. ಶುರು ಚೆನ್ನಾಗಿಯೇ ಇತ್ತು.

ತಂಗಿ, ಆ ಗೈಡ್ ಹತ್ತಿರ ಇನ್ನೊಮ್ಮೆ ಹೋಗು. 'ಸರ್, ನಿಮ್ಮ ಪೇಪರ್‌ಗಳಲ್ಲಿ ನಿಮಗೆ ಇಷ್ಟವಾದದ್ದು ಯಾವುದು, ಯಾಕೆ?' ಅಂತ ಕೇಳು. ಕಣ್ಣು ಅರಳಿತೋ, ಕೂತುಕೋ. 'ಎಲ್ಲಾನೂ ಸ್ಕೋಪಸ್‌ನಲ್ಲಿದೆ' (ಅದು ಜರ್ನಲ್‌ಗಳ ಒಂದು ಸೂಚಿ) ಅಂದರೋ, ನಮಸ್ಕಾರ ಹೇಳಿ ಎದ್ದು ಬಾ.

ಕುಕ್ಕರಹಳ್ಳಿ ದಂಡೆ:

ಗೌಡ್ರೇ, ಸರಿ, ಮನೆಯನ್ನು ಬೈದಿದ್ದು ವಾಪಸ್ ತಗೊಂಡೆ. ನುಗ್ಗಿದವರನ್ನು ಬೈದಿದ್ದು ಹಾಗೇ ಇರಲಿ.

ರೈನ್ ದಡ:

ಜರ್ಮನಿಯಿಂದ. ಇಲ್ಲಿ ಪಿಎಚ್‌ಡಿ ಅಂದರೆ ವಿದ್ಯಾರ್ಥಿ ಅಲ್ಲ, ನೌಕರಿ. ಸರ್ಕಾರಿ ವೇತನ ಶ್ರೇಣಿ, ಇ 13 ಅಂತಾರೆ, ಅದರಲ್ಲಿ ಅರ್ಧವೋ ಮುಕ್ಕಾಲೋ. ಬದಲಿಗೆ ವಾರಕ್ಕೆ ಒಂದೆರಡು ಸಲ ಕಿರಿಯರಿಗೆ ಲೆಕ್ಕ ಮಾಡಿಸುವ ತರಗತಿ, ಅವರ ನೋಟ್‌ಬುಕ್ ತಿದ್ದುವುದು. ನಾನು ಹಾಸನದ ಕಡೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಜರ್ಮನ್‌ನಲ್ಲಿ 'ಹಾಗಾದರೆ ಇದು ಯಾಕೆ ತಪ್ಪು?' ಅಂತ ಕೇಳುವುದು ಕಲಿತದ್ದೇ ಮೊದಲು, ಬ್ರೆಡ್ ಕೇಳುವುದು ಆಮೇಲೆ.

ಈಗಲೇ ಹೊರಗೆ ನೋಡಿ ಅಂತ ಹೇಳುತ್ತಿಲ್ಲ. ಇಲ್ಲಿಯವರು ಅರ್ಜಿಯಲ್ಲಿ ಮೊದಲು ನೋಡುವುದು ಎಂಎಸ್ಸಿಯಲ್ಲಿ ಥೀಸಿಸ್ ಬರೆದಿದ್ದೀರಾ ಅಂತ. ನಮ್ಮಲ್ಲಿ ಬಹಳ ಕಡೆ ಅದು ಇಲ್ಲ, ಇದ್ದರೂ ನಾಲ್ಕನೇ ಸೆಮಿಸ್ಟರ್‌ನ 'ಪ್ರಾಜೆಕ್ಟ್', ಯಾವುದೋ ಪುಸ್ತಕದ ಎರಡು ಅಧ್ಯಾಯ ಟೈಪ್ ಮಾಡಿ ಬೈಂಡ್ ಮಾಡಿಸಿದ್ದು. ನನ್ನದೂ ಅದೇ. ಹಸಿರು ರೆಕ್ಸಿನ್, ಚಿನ್ನದ ಅಕ್ಷರ, ಒಳಗೆ ಸೊನ್ನೆ.

ಸೀಮೆಸುಣ್ಣ:

ಮಕ್ಕಳೇ, ಎರಡು ದಿನದಿಂದ ಓದುತ್ತಿದ್ದೇನೆ. ನಾನು ನಿವೃತ್ತ ಮೇಷ್ಟ್ರು. ದುಡ್ಡು, ನೆಟ್, ಜರ್ನಲ್ ಎಲ್ಲ ಮಾತಾಡಿದಿರಿ. ಈ ಮಗುವಿನ ಅಪ್ಪ ಕೇಳಿದ ಪ್ರಶ್ನೆಗೆ ಯಾರೂ ಉತ್ತರ ಹೇಳಲಿಲ್ಲ. ಆ ಎರಡನೇ ಗೈಡ್ ಕೊಟ್ಟ ಕೆಲಸದ ಕಡೆಗೂ ಯಾರೂ ನೋಡಲಿಲ್ಲ. ಎರಡೂ ಒಂದೇ, ಗೊತ್ತಾ?

ಪಾರ್ಟಿಷನ್ ಅಂದರೆ ಒಂದು ಸಂಖ್ಯೆಯನ್ನು ಕೂಡಿಸಿ ಬರೆಯುವ ಬಗೆ. ನಾಲ್ಕು ರೂಪಾಯಿಯನ್ನು ಹೇಗೆ ಹೇಗೆ ಗುಡ್ಡೆ ಹಾಕಬಹುದು? 4 ಒಂದೇ ಗುಡ್ಡೆ. 3+1. 2+2. 2+1+1. 1+1+1+1. ಒಟ್ಟು ಐದು. 9ಕ್ಕೆ 30. 14ಕ್ಕೆ 135. 19ಕ್ಕೆ 490. ನಾಲ್ಕರಿಂದ ಶುರು ಮಾಡಿ ಐದೈದು ಹಾರಿದರೆ ಪ್ರತಿ ಸಲವೂ ಎಣಿಕೆ ಐದರಿಂದ ಭಾಗವಾಗುತ್ತದೆ. ಮೆಕ್‌ಮಹನ್ ಅನ್ನುವವರು 200ರವರೆಗೆ ಕೈಯಲ್ಲೇ ಲೆಕ್ಕ ಹಾಕಿ ಪಟ್ಟಿ ಮಾಡಿದ್ದರು. ಆ ಪಟ್ಟಿ ನೋಡಿ ರಾಮಾನುಜನ್ ಇದನ್ನು ಹಿಡಿದರು. 7 ಮತ್ತು 11ಕ್ಕೂ ಇಂಥದ್ದೇ ನಡೆ ಇದೆ ಅಂತ ಕಂಡರು. 5 ಮತ್ತು 7ಕ್ಕೆ 1919ರಲ್ಲಿ ಸಾಧನೆ (ಪ್ರೂಫ್) ಕೊಟ್ಟರು.

ಸಾಧನೆ ಇತ್ತು, ಆದರೆ ಕಣ್ಣಿಗೆ ಕಾಣುವ ಕಾರಣ ಇರಲಿಲ್ಲ. 30 ಪಾರ್ಟಿಷನ್‌ಗಳನ್ನು ಆರಾರರ ಐದು ಗುಂಪು ಮಾಡು ಅಂದರೆ ಯಾವ ಲೆಕ್ಕದ ಮೇಲೆ ಮಾಡುತ್ತೀರಿ? 1944ರಲ್ಲಿ ಫ್ರೀಮನ್ ಡೈಸನ್ ಅನ್ನುವ ಇಪ್ಪತ್ತರ ಹರೆಯದ ಹುಡುಗ ಕೇಂಬ್ರಿಡ್ಜ್ ವಿದ್ಯಾರ್ಥಿಗಳ ಪತ್ರಿಕೆಯಲ್ಲಿ ಒಂದು ಊಹೆ ಬರೆದ. ದೊಡ್ಡ ಗುಡ್ಡೆಯಲ್ಲಿ ಎಷ್ಟಿದೆ ನೋಡು, ಅದರಿಂದ ಗುಡ್ಡೆಗಳ ಎಣಿಕೆ ಕಳೆ. ಅದಕ್ಕೆ ರ‍್ಯಾಂಕ್ ಅಂತ ಹೆಸರು. 4ಕ್ಕೆ ಮಾಡೋಣ:

4: ದೊಡ್ಡದು 4, ಗುಡ್ಡೆ 1, ರ‍್ಯಾಂಕ್ 3.
3+1: 3ರಲ್ಲಿ 2 ಹೋದರೆ 1.
2+2: 0.
2+1+1: ಮೈನಸ್ 1.
1+1+1+1: ಮೈನಸ್ 3.

ಈಗ ಐದರಿಂದ ಭಾಗಿಸಿ ಶೇಷ ನೋಡಿ. ಮೈನಸ್ 1 ಅಂದರೆ 4, ಮೈನಸ್ 3 ಅಂದರೆ 2. ಹಾಗಾಗಿ ಶೇಷಗಳು 3, 1, 0, 4, 2. ಐದು ಪಾರ್ಟಿಷನ್, ಐದು ಬೇರೆ ಬೇರೆ ಶೇಷ! ನನ್ನ ಗೈಡ್ ಇದನ್ನು ನನಗೆ ತೋರಿಸಿದ್ದು ಬಸ್ ಸ್ಟ್ಯಾಂಡಿನಲ್ಲಿ, ಟಿಕೆಟ್‌ನ ಹಿಂದೆ ಬರೆದು. ಬಸ್ಸು ಹೋಯ್ತು.

ಡೈಸನ್ ಊಹೆಯನ್ನು ಸಾಧಿಸಿದ್ದು ಹತ್ತು ವರ್ಷ ಆದ ಮೇಲೆ, 1954ರಲ್ಲಿ, ಆಟ್ಕಿನ್ ಮತ್ತು ಸ್ವಿನ್ನರ್ಟನ್-ಡಯರ್. 5ಕ್ಕೂ ಆಯ್ತು, 7ಕ್ಕೂ ಆಯ್ತು. 11ಕ್ಕೆ ಮಾತ್ರ ರ‍್ಯಾಂಕ್ ಕೆಲಸ ಮಾಡುವುದಿಲ್ಲ. ಡೈಸನ್ ಅದನ್ನೂ ಮೊದಲೇ ಹೇಳಿ, 'ಬೇರೆ ಏನೋ ಇರಬೇಕು, ಅದಕ್ಕೆ ಕ್ರ್ಯಾಂಕ್ ಅಂತ ಹೆಸರಿಟ್ಟಿದ್ದೇನೆ' ಅಂದಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ! ಕೂಸು ಸಿಕ್ಕಿದ್ದು 1988ರಲ್ಲಿ, ಆಂಡ್ರ್ಯೂಸ್ ಮತ್ತು ಗಾರ್ವಾನ್ ಕೈಗೆ. 44 ವರ್ಷ ಆ ಹೆಸರು ಖಾಲಿ ತೊಟ್ಟಿಲಿನಂತೆ ತೂಗುತ್ತಿತ್ತು.

ಇನ್ನು ಅಪ್ಪನ ಪ್ರಶ್ನೆ. ಅವರಿಗೆ ಹೀಗೆ ಹೇಳು. ಪಾರ್ಟಿಷನ್ ಎಣಿಕೆಗಳ ಪಟ್ಟಿ 1, 2, 3, 5, 7, 11, 15, 22, 30 ಅಂತ ಹೋಗುತ್ತದೆ. ದೂರ ಹೋದಂತೆ ಅರ್ಧ ಸಮ, ಅರ್ಧ ಬೆಸ ಬರುವಂತೆ ಕಾಣುತ್ತದೆ. ಕಂಪ್ಯೂಟರಿನಲ್ಲಿ ಎಷ್ಟು ದೂರ ಹೋದರೂ ಹಾಗೇ ಕಾಣುತ್ತದೆ. ಅದು ನಿಜವಾಗಿ ಹಾಗೇನಾ ಅಂತ ಇವತ್ತಿನವರೆಗೆ ಯಾರೂ ಸಾಧಿಸಿಲ್ಲ. ಸಮ ಬೆಸ! ಎರಡನೇ ಕ್ಲಾಸಿನ ಪಾಠ. ಬಾಕಿ ಇರುವುದು ಅದು.

ಮೈಸೂರಿನಲ್ಲಿ ಈ ಕೆಲಸಕ್ಕೆ ಹಳೇ ಬೇರಿದೆ. ಕೆ. ವೆಂಕಟಾಚಲಯ್ಯಂಗಾರ್ ಅವರು ರಾಮಾನುಜನ್ ದಾರಿಯಲ್ಲೇ ಎಲಿಪ್ಟಿಕ್ ಫಂಕ್ಷನ್‌ಗಳನ್ನು ಕಟ್ಟಿ ಪುಸ್ತಕ ಬರೆದರು, 1988ರಲ್ಲಿ ಬಂತು. ಅದಕ್ಕೂ ಮೊದಲು 1985ರಲ್ಲಿ ನಮ್ಮ ಗಣಿತದ ಅಡಿಗರು ಮತ್ತು ಭಾರ್ಗವ ಅವರು ಅಮೆರಿಕದ ಬ್ರೂಸ್ ಬರ್ನ್ಟ್ ಜೊತೆ ಸೇರಿ ರಾಮಾನುಜನ್‌ರ ಎರಡನೇ ನೋಟ್‌ಬುಕ್ಕಿನ 16ನೇ ಅಧ್ಯಾಯವನ್ನು ಬಿಡಿಸಿಟ್ಟರು. ಪೇಪರಿನ ಮೇಲೆ ಇಂಗ್ಲೆಂಡಿನ ಗಣಿತಜ್ಞ ಜಿ.ಎನ್. ವಾಟ್ಸನ್ ಹೆಸರೂ ಇದೆ. ಆತ ತೀರಿಕೊಂಡು ಇಪ್ಪತ್ತು ವರ್ಷ ಆಗಿತ್ತು. ಅವರ ಟಿಪ್ಪಣಿ ಬಳಸಿದ್ದಕ್ಕೆ ಹೆಸರು ಸೇರಿಸಿದ್ದರು. ಪೇಪರಿಗೆ ಹೆಸರು ಸೇರಿಸುವ ಆಸೆಯವರು ಇದನ್ನು ಸ್ವಲ್ಪ ಓದಬೇಕು.

ನಿನ್ನ ಎರಡನೇ ಗೈಡ್ ಸುಮ್ನೆ ಹೋಮ್‌ವರ್ಕ್ ಕೊಟ್ಟಿಲ್ಲಮ್ಮ. 9ನ್ನು ಬಿಡಿಸಿದೆಯಾ?

ನೇರಳೆಮರ:

ಸರ್, ಮದುವೆ ಪತ್ರಿಕೆಯ ಹಿಂದೆ ಕೂತು ಬರೆದೆ. 29 ಬಂತು. ಎರಡು ಸಲ ಎಣಿಸಿದೆ, 29. ಯಾವುದು ಬಿಟ್ಟೆ ಅಂತ ತಿಳಿಯುತ್ತಿಲ್ಲ. ಪಟ್ಟಿ ಹಾಕಲಾ?

ಸೀಮೆಸುಣ್ಣ:

ಹಾಕಬೇಡ. ಯಾರೂ ಹೇಳಬೇಡಿ. ಪ್ರತಿಯೊಂದರ ರ‍್ಯಾಂಕ್ ಬರೆ, ಶೇಷದ ಪ್ರಕಾರ ಐದು ಗುಂಪು ಮಾಡು.

ಅರ್ಧಕ್ಕೆ ಬಿಟ್ಟವನು:

ನಾನೂ ಆಫೀಸಿನಲ್ಲಿ ಕೂತು ಮಾಡುತ್ತಿದ್ದೇನೆ. ಮೀಟಿಂಗ್ ನಡೆಯುತ್ತಿದೆ. ನನಗೆ 28 ಬಂತು, ಥೂ.

ಟೋಪಾಲಜಿ ಅಕ್ಕ:

ದೊಡ್ಡ ಗುಡ್ಡೆಯಿಂದ ಕ್ರಮವಾಗಿ ಇಳಿಯಿರಿ. 9, ಆಮೇಲೆ 8ರಿಂದ ಶುರುವಾಗುವವು, 7ರಿಂದ ಶುರುವಾಗುವವು, ಹೀಗೆ. ಅಡ್ಡಾದಿಡ್ಡಿ ಬರೆದರೆ ಬಿಟ್ಟೇ ಹೋಗುತ್ತದೆ.

ನೇರಳೆಮರ:

ಸಿಕ್ಕಿತು!!

ಗುಂಪು ಮಾಡಿದೆ. ಶೇಷ 1ಕ್ಕೆ ಆರು, 2ಕ್ಕೆ ಆರು, 3ಕ್ಕೆ ಆರು, 4ಕ್ಕೆ ಆರು. ಸೊನ್ನೆಗೆ ಮಾತ್ರ ಐದೇ ಇತ್ತು: 7+2, 5+1+1+1+1, 4+3+1+1, 4+2+2+1, 2+2+1+1+1+1+1. ಅಂದರೆ ಬಿಟ್ಟುಹೋದದ್ದು ಈ ಗುಂಪಿನದೇ ಇರಬೇಕು ಅಲ್ವಾ. ರ‍್ಯಾಂಕ್ ಸೊನ್ನೆಯೋ ಐದೋ ಮೈನಸ್ ಐದೋ ಇರಬೇಕು. ಸೊನ್ನೆ ಅಂದರೆ ದೊಡ್ಡ ಗುಡ್ಡೆ ಎಷ್ಟೋ ಗುಡ್ಡೆಗಳೂ ಅಷ್ಟೇ. ಐದಕ್ಕೆ ಐದು ಇದೆ, ನಾಲ್ಕಕ್ಕೆ ನಾಲ್ಕು ಇದೆ, ಮೂರಕ್ಕೆ ಮೂರು? 3+3+3. ಅದನ್ನೇ ಬಿಟ್ಟಿದ್ದೆ. ಎಲ್ಲಕ್ಕಿಂತ ಸುಲಭದ್ದು!

ಇದು ನನಗೆ ವಿಚಿತ್ರ ಅನಿಸುತ್ತಿದೆ ಸರ್. ಕಳೆದುಹೋದದ್ದನ್ನು ನೋಡದೆಯೇ ಅದು ಹೇಗಿರಬೇಕು ಅಂತ ಗೊತ್ತಾಯ್ತು. ಎಂಎಸ್ಸಿಯ ಎರಡು ವರ್ಷದಲ್ಲಿ ಒಂದು ಥಿಯರಮ್ ಕೂಡ ನನಗೆ ಏನನ್ನೂ ಹುಡುಕಿಕೊಟ್ಟಿರಲಿಲ್ಲ.

ಅಪ್ಪನಿಗೆ ಸಮ ಬೆಸದ ಮಾತು ಹೇಳಿದೆ. 'ಯಾರಿಗೂ ಗೊತ್ತಿಲ್ವಂತಾ?' ಅಂದರು. ಯಾರಿಗೂ ಇಲ್ಲ ಅಂದೆ. ಸ್ವಲ್ಪ ಹೊತ್ತು ಬಿಟ್ಟು 'ಫೀಸು ಎಷ್ಟು?' ಅಂದರು.

ಗ್ರಾಫುಗೌಡ, ಧಾರವಾಡ:

ಆಯ್ತು ಬಿಡ್ರಿ, ಹುಡುಗಿ ನಮ್ಮ ಕೈ ತಪ್ಪಿ ಹೋಯ್ತು.

ಕುಕ್ಕರಹಳ್ಳಿ ದಂಡೆ:

ತಂಗಿ, ಖುಷಿಯಲ್ಲಿ ನಾಲ್ಕು ವಿಷಯ ಮರೆಯಬೇಡ. ಆ ಗೈಡ್‌ಗೆ ನಿವೃತ್ತಿಗೆ ಎಷ್ಟು ವರ್ಷ ಇದೆ ಕೇಳು. ಮೂರಕ್ಕಿಂತ ಕಡಿಮೆ ಇದ್ದರೆ ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಅವರ ಈಗಿನ ವಿದ್ಯಾರ್ಥಿಗಳ ಜೊತೆ ಕ್ಯಾಂಟೀನಿನಲ್ಲಿ ಒಂದು ಗಂಟೆ ಕೂತು ಮಾತಾಡು, ಗೈಡ್ ಇಲ್ಲದಾಗ. ವಾರಕ್ಕೆ ಎಷ್ಟು ಸಲ ಸಿಗುತ್ತಾರೆ, ಕೊಟ್ಟದ್ದನ್ನು ಓದುತ್ತಾರಾ, ಅದೇ ಕೇಳಬೇಕಾದ್ದು. ಲೇಟೆಕ್ (ಗಣಿತ ಟೈಪ್ ಮಾಡುವ ಸಾಫ್ಟ್‌ವೇರ್) ಈಗಿನಿಂದಲೇ ಕಲಿ, ಕೋರ್ಸ್‌ವರ್ಕ್ ಹೊತ್ತಿಗೆ ಸಮಯ ಸಿಗಲ್ಲ. ಜೂನ್ ನೆಟ್ ಬಿಡಬೇಡ. ನಂಬರ್ ಥಿಯರಿ ಓದಿದರೆ ಅಲ್ಜೀಬ್ರಾ ಮತ್ತು ಕಾಂಪ್ಲೆಕ್ಸ್ ಅನಾಲಿಸಿಸ್ ಹೇಗೂ ಗಟ್ಟಿಯಾಗುತ್ತೆ, ಪಾರ್ಟ್ ಸಿಗೆ ಅದೇ ಬೇಕು.

ಮತ್ತೆ ಅಮ್ಮನಿಗೆ ಹೇಳು, ಯುಜಿಸಿ ನಿಯಮದಲ್ಲಿ ಆರು ವರ್ಷದ ಮೇಲೆ ಹೆಣ್ಣುಮಕ್ಕಳಿಗೆ ಎರಡು ವರ್ಷ ಹೆಚ್ಚು ಕೊಡಬಹುದು, ಹೆರಿಗೆ ರಜೆ 240 ದಿನದವರೆಗೆ ಇದೆ. ನನ್ನ ಲ್ಯಾಬ್‌ಮೇಟ್, ಅಲ್ಲ, ನಮಗೆಲ್ಲಿ ಲ್ಯಾಬು, ನನ್ನ ಪಕ್ಕದ ಟೇಬಲ್‌ನವಳು ಮಗು ಎತ್ತಿಕೊಂಡೇ ಸಿನಾಪ್ಸಿಸ್ (ಥೀಸಿಸ್‌ನ ಸಾರಾಂಶ) ಕೊಟ್ಟಳು.

ನೇರಳೆಮರ:

ಅದನ್ನು ಅಮ್ಮನಿಗೆ ಹೇಳಿದರೆ ಮದುವೆ ಈ ವರ್ಷವೇ ಮಾಡಿಬಿಡುತ್ತಾರೆ ಅಕ್ಕ. ಸದ್ಯಕ್ಕೆ ಬೇಡ.

ಸೋಮವಾರ ಹೋಗುತ್ತಿದ್ದೇನೆ, ಮದುವೆ ಪತ್ರಿಕೆ ಸಮೇತ. ಹಾಸ್ಟೆಲ್‌ಗೆ ಅರ್ಜಿ ಯಾವಾಗ ಹಾಕಬೇಕು?

ಕುಕ್ಕರಹಳ್ಳಿ ದಂಡೆ:

ಅಡ್ಮಿಷನ್ ಆದ ದಿನವೇ. ನಾಲ್ಕು ಫೋಟೋ ಇಟ್ಟುಕೊಂಡಿರು, ಎರಡು ಅಂತ ಬರೆದಿರುತ್ತಾರೆ, ನಾಲ್ಕು ಕೇಳುತ್ತಾರೆ.